ತಾಳ ತಪ್ಪುವ ಹೃದಯ

ನಮ್ಮ ಹೃದಯವು ನಿಮಿಷಕ್ಕೆ 72 ಸಲ ಮಿಡಿಯುವುದೆಂದು ಇಟ್ಟುಕೊಳ್ಳೋಣ. ಹಾಗಾದರೆ ಒಂದು ದಿನದಲ್ಲಿ ಅದು 1,03,680 ಸಲ ಮಿಡಿಯಬೇಕಾಯಿತು. ವೈದ್ಯರು ಸಾಮಾನ್ಯವಾಗಿ ತೆಗೆಯುವ ವಿದ್ಯುತ್ ಹೃಲ್ಲೇಖವಾದರೋ 10 ಸೆಕೆಂಡುಗಳದು. ಅದರಲ್ಲಿ ದೊರೆಯುವುವು ಹನ್ನೆರಡು ಮಿಡಿತಗಳು ಮಾತ್ರ. ಮಿಕ್ಕ ಲಕ್ಷದಲ್ಲಿ ಎಂದೋ ಒಮ್ಮೆ ತಾಳ ತಪ್ಪಿ, ತಾನಾಗಿಯೇ ಸರಿಹೋದರೆ, ಅದನ್ನು ಹಿಡಿಯುವ ಬಗೆ ಯಾವುದು?

ಹೃದಯದ ಮೇಲಣ ಕೋಣೆಗಳಾದ ಹೃತ್ಕರ್ಣಗಳಲ್ಲಿ ಮೊದಲು ವಿದ್ಯುತ್ ಪ್ರಚೋದನೆ ಹುಟ್ಟಿ, ಅನಂತರ ಕೆಳಗಿನ ಹೃತ್ಕುಕ್ಷಿಗಳಿಗೆ ಹರಡುತ್ತದೆ. ಚರ್ಮದ ಮೇಲೆ ಸುಮಾರು ಒಂದು ಮಿಲಿವೋಲ್ಟಿನಷ್ಟಿರುವ ಈ ಸಂಕೇತವನ್ನು ನೆದರ್‌ಲೆಂಡಿನ ಐಂಟ್‌ಹೋವೆನ್ ಎಂಬ ವಿಜ್ಞಾನಿಯು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬೆಣಚಿನ ಎಳೆಯ ಗ್ಯಾಲ್ವನೋಮೀಟರಿನಿಂದ ಅಳೆದು, 1924ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಲೇಖದಲ್ಲಿ ಹೃತ್ಕರ್ಣದ ಗುರುತು 'ಪಿ' ಎಂಬ ಕಿರಿಯ ಅಲೆ. ಹೃತ್ಕುಕ್ಷಿಯ ಗುರುತು 'ಆರ್' ಎಂಬ ಚೂಪಾದ ಶಿಖರ.

ಕೆಲವರಲ್ಲಿ ಹೃತ್ಕರ್ಣವು ಕ್ರಮವಾಗಿ ಸಂಕುಚಿಸದೆ ಬರಿದೆ ಅದಿರತೊಡಗುತ್ತದೆ. ಇದೇ ಹೃತ್ಕರ್ಣ ಕಂಪನ. ಆಗ ಅಲ್ಲಿ ರಕ್ತವು ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿನ ನಾಳವನ್ನು ಮುಚ್ಚಿದರೆ ಪಾರ್ಶ್ವವಾಯು ತಪ್ಪದು. ಈ ಕಂಪನವು ಬಂದುಹೋಗುವಂಥದಾಗಿರಬಹುದು; ರೋಗಿಗೆ ಅದರ ಅರಿವೇ ಆಗದಿರಲೂಬಹುದು.

ಈಗ ಎರಡು ಶಿಖರಗಳ ನಡುವಣ ಕಾಲವನ್ನು ಅಳೆಯೋಣ. ಒಬ್ಬನಲ್ಲಿ ಅದು 0.83, 0.82, 0.84, 0.83 ಸೆಕೆಂಡು, ಮತ್ತೊಬ್ಬನಲ್ಲಿ 0.62, 1.05, 0.71, 0.94 ಸೆಕೆಂಡು ಎನ್ನೋಣ. ಇಬ್ಬರ ಸರಾಸರಿಯೂ 0.83 ಸೆಕೆಂಡೇ! ಸರಾಸರಿ ನಾಡಿಬಡಿತವನ್ನು ಮಾತ್ರ ಎಣಿಸಿದವನಿಗೆ ಭೇದವೇ ಕಾಣದು. ಆದರೆ ಒಂದು ಅಂತರದಿಂದ ಮುಂದಿನದನ್ನು ಕಳೆದು ನೋಡಿದರೆ, ಮೊದಲನೆಯವನಲ್ಲಿ ವ್ಯತ್ಯಾಸವು 0.02 ಸೆಕೆಂಡನ್ನು ಮೀರದು, ಎರಡನೆಯವನಲ್ಲಿ 0.43ರವರೆಗೂ ಏರುತ್ತದೆ. ಗಣಕಯಂತ್ರವು ಸಾವಿರಾರು ಮಿಡಿತಗಳ ಮೇಲೆ ನಡೆಸುವ ಲೆಕ್ಕದ ತಿರುಳು ಇದೇ. ಉಸಿರೆಳೆದಾಗ ಮಿಡಿತ ತುಸು ಬಿರುಸಾಗುವುದೂ, ಆಗೊಮ್ಮೆ ಈಗೊಮ್ಮೆ ಒಂದು ಮಿಡಿತ ಮುಂಚೆಯೇ ಬರುವುದೂ ಉಂಟು. ಆದುದರಿಂದ ಅಕ್ರಮವು ಎಡೆಬಿಡದೆ ಸಾಗಿದೆಯೇ, 'ಪಿ' ಅಲೆ ಮಾಯವಾಗಿದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ಲೆಕ್ಕ ತಿಳಿದರೆ ಸಾಲದು, ದೀರ್ಘಕಾಲದ ಲೇಖವೂ ಬೇಕಷ್ಟೆ. ಈ ತೊಡಕನ್ನು ಬಿಡಿಸಿದವನು ಅಮೆರಿಕದ ಮೊಂಟಾನಾ ಪ್ರಾಂತ್ಯದ ಭೌತವಿಜ್ಞಾನಿ ನಾರ್ಮನ್ ಹೋಲ್ಟರ್. ಅವನ ಮೊದಲ ರೇಡಿಯೋ ಸಾಧನವು ಬೆನ್ನಿಗೆ ಕಟ್ಟಿಕೊಳ್ಳುವ ಸುಮಾರು 38 ಕಿಲೋಗ್ರಾಂ ಹೊರೆಯಾಗಿದ್ದಿತು! 1961ರಲ್ಲಿ ಅವನು ತನ್ನ ವಿಧಾನವನ್ನು 'ಸೈನ್ಸ್' ಪತ್ರಿಕೆಯಲ್ಲಿ ವಿವರಿಸಿದನು. ಇಂದು ಅವನ ಹೆಸರಿನ ಯಂತ್ರವು ಅಂಗೈಯಲ್ಲಿ ಅಡಗುತ್ತದೆ. ಚರ್ಮದಡಿಯಲ್ಲಿಟ್ಟು ವರ್ಷಗಟ್ಟಲೆ ಕಾವಲು ಕಾಯುವ ಚಿಕ್ಕ ಲೇಖಕಗಳೂ ಬಂದಿವೆ.

ಕಾವಲಿನ ಕಾಲ ಹೆಚ್ಚಿದಷ್ಟೂ ಫಲವೂ ಹೆಚ್ಚು. ಕಾರಣ ತಿಳಿಯದೆ ಪಾರ್ಶ್ವವಾಯುವಿಗೆ ತುತ್ತಾಗಿದ್ದ 441 ರೋಗಿಗಳ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಚರ್ಮದಡಿಯ ಲೇಖಕವಿದ್ದವರ ಪೈಕಿ ಶೇಕಡ 8.9 ಮಂದಿಯಲ್ಲಿ ಕಂಪನವು ಪತ್ತೆಯಾಯಿತು. ವಾಡಿಕೆಯ ಪರೀಕ್ಷೆಗಳನ್ನು ಪಡೆದವರಲ್ಲಿ ಶೇಕಡ 1.4 ಮಾತ್ರ. ಪತ್ತೆಯಾದ ಮೇಲೆ ಹೆಪ್ಪುಗಟ್ಟುವುದನ್ನು ತಡೆಯುವ ಔಷಧವನ್ನು ವೈದ್ಯರು ಕೊಡಬಲ್ಲರು.

ಕೈಗಡಿಯಾರಗಳೂ ಈಗ ಬೆಳಕಿನಿಂದ ನಾಡಿಯನ್ನು ಅಳೆದು ಎಚ್ಚರಿಕೆ ನೀಡುತ್ತವೆ. ಆದರೆ ಅವು ಕಾಣುವುದು ರಕ್ತದ ಅಲೆಯನ್ನೇ ಹೊರತು 'ಪಿ' ಅಲೆಯನ್ನಲ್ಲ. ಆದುದರಿಂದ ಗಡಿಯಾರದ ಎಚ್ಚರಿಕೆಯನ್ನು ಸಂದೇಹವೆಂದು ಮಾತ್ರ ತಿಳಿದು, ನಿರ್ಣಯವನ್ನು ಹೃಲ್ಲೇಖಕ್ಕೂ ಅದನ್ನು ಓದಬಲ್ಲ ವೈದ್ಯರಿಗೂ ಬಿಡುವುದೇ ಸರಿಯಾದ ಮಾರ್ಗ.