ಮನೆ ಮಾರಿದಾಗ ತಾರಸಿಯ ಸೋಲಾರ್ ಯಾರದು?

ತುಮಕೂರು ಜಿಲ್ಲೆಯ ಒಂದು ಹಳ್ಳಿ. ಮಕ್ಕಳೆಲ್ಲ ಬೆಂಗಳೂರು ಸೇರಿದ್ದರಿಂದ ವಯಸ್ಸಾದ ರೈತರೊಬ್ಬರು ರಸ್ತೆ ಬದಿಯ ತಮ್ಮ ತಾರಸಿ ಮನೆಯನ್ನು ನಿವೃತ್ತ ಶಾಲಾ ಮಾಸ್ತರರೊಬ್ಬರಿಗೆ ಮಾರಿದರು. ಇಬ್ಬರದೂ ಮೂವತ್ತು ವರ್ಷಗಳ ಪರಿಚಯ. ಕ್ರಯಪತ್ರದಲ್ಲಿ ಚಕ್ಕುಬಂದಿ ಬಂತು, ಅಳತೆ ಬಂತು, ಹಿತ್ತಿಲ ಎರಡು ತೆಂಗಿನ ಮರವೂ ಬಂತು. ತಾರಸಿಯ ಮೇಲೆ 2015ರಲ್ಲಿ ಹಾಕಿಸಿದ್ದ 3 ಕಿಲೋವಾಟ್ ಸೋಲಾರ್ ಫಲಕಗಳ ಮಾತು ಮಾತ್ರ ಬರಲಿಲ್ಲ.

ರಿಜಿಸ್ಟ್ರಿಯಾದ ನಾಲ್ಕನೆಯ ದಿನ ಮಾರಿದವರ ಮಗ ಟೆಂಪೋ ತಂದು, ತಾರಸಿ ಹತ್ತಿ ಬೋಲ್ಟು ಬಿಚ್ಚತೊಡಗಿದ.

"ಅಲ್ಲಪ್ಪ, ಮನೆ ನೋಡುವಾಗ ಇವೂ ಇದ್ದವಲ್ಲ. ಇವನ್ನೂ ಸೇರಿಸಿಯೇ ನಾನು ದುಡ್ಡು ಕೊಟ್ಟದ್ದು" ಎಂದರು ಮಾಸ್ತರರು.

"ಮಾರಿದ್ದು ಮನೆ ಮೇಷ್ಟ್ರೇ. ಇದು ಸಾಮಾನು. ಮಂಚ, ಬೀರು ತಗೊಂಡು ಹೋದ ಹಾಗೇ ಇದೂನೂ" ಎಂದ ಹುಡುಗ.

ಊರಿನ ಹಿರಿಯರು ಕೂತು ಮಾತಾಡಿ ಫಲಕ ಉಳಿಸಿದರು. ಆದರೆ ತೊಂದರೆ ಅಲ್ಲಿಗೆ ಮುಗಿಯಲಿಲ್ಲ. ಮನೆಯಿಂದ ಹೊರಗೆ ಹೋದ ವಿದ್ಯುತ್ತಿನ ಹಣ ಏಳು ತಿಂಗಳು ಹಳೆಯ ಮಾಲೀಕರ ಬ್ಯಾಂಕ್ ಖಾತೆಗೇ ಜಮಾ ಆಯಿತು. ಏಕೆಂದರೆ ಒಪ್ಪಂದ ಇದ್ದದ್ದು ಅವರ ಹೆಸರಿನಲ್ಲಿ. ಮೂವತ್ತು ವರ್ಷ ಒಟ್ಟಿಗೆ ಕಾಫಿ ಕುಡಿದವರು ಮಾತು ಬಿಟ್ಟರು.

ಹಳ್ಳಿಗಳಲ್ಲಿ ತಾರಸಿಯ ಮೇಲೆ ಸೋಲಾರ್ ಹಾಕಿಸುವವರು ಹೆಚ್ಚುತ್ತಿದ್ದಾರೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟಿಗೆ 30,000 ರೂ., 2 ಕಿಲೋವಾಟಿಗೆ 60,000 ರೂ., 3 ಕಿಲೋವಾಟ್ ಅಥವಾ ಅದಕ್ಕೂ ಹೆಚ್ಚಿನದಕ್ಕೆ 78,000 ರೂ. ಸಹಾಯಧನ ಗೊತ್ತುಪಡಿಸಲಾಯಿತು. ಫಲಕದ ಬಾಳಿಕೆ ಸುಮಾರು 25 ವರ್ಷ. ಇಷ್ಟು ಕಾಲದಲ್ಲಿ ಎಷ್ಟೋ ಮನೆಗಳು ಕೈ ಬದಲಾಗುತ್ತವೆ. ಆದ್ದರಿಂದ ಮಾರುವವರೂ ಕೊಳ್ಳುವವರೂ ಇದರ ಕಾಗದಪತ್ರಗಳ ಬಗ್ಗೆ ತಿಳಿದಿರುವುದು ಒಳ್ಳೆಯದು.

ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ ಸ್ಥಿರಾಸ್ತಿಯ ಮಾರಾಟಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಅನ್ವಯಿಸುತ್ತದೆ. ಬೇರೆ ಉದ್ದೇಶ ವ್ಯಕ್ತವಾಗದಿದ್ದರೆ, ಮನೆಯ ಜೊತೆ ಅದರ ಬೀಗ, ಕೀಲಿಕೈ, ಬಾಗಿಲು, ಕಿಟಕಿ ಹಾಗೂ ಮನೆಯ ಶಾಶ್ವತ ಉಪಯೋಗಕ್ಕೆಂದು ಒದಗಿಸಿದ ಇತರ ವಸ್ತುಗಳೂ ಕೊಂಡವನಿಗೆ ಸೇರುತ್ತವೆ ಎಂದು ಅದರ 8ನೆಯ ಕಲಂ ಹೇಳುತ್ತದೆ. ಇದರಂತೆ ನೋಡಿದರೆ ಮಾಸ್ತರರ ಮಾತಿನಲ್ಲಿ ಹುರುಳಿದೆ. ಆದರೆ ಫಲಕ ಬೋಲ್ಟಿನಲ್ಲಿ ಕೂತಿದೆ, ಬಿಚ್ಚಿದರೆ ಬರುತ್ತದೆ, ಆದ್ದರಿಂದ ಅದು ಚರಾಸ್ತಿ ಎಂದು ಎದುರು ವಾದ ಹೂಡಲು ಅವಕಾಶವಿದೆ. ಈ ವಾದ ಕೋರ್ಟಿನಲ್ಲಿ ಇತ್ಯರ್ಥವಾಗುವ ಹೊತ್ತಿಗೆ ಫಲಕದ ಬೆಲೆಯಷ್ಟು ಹಣ ಓಡಾಟಕ್ಕೇ ಹೋಗಿರುತ್ತದೆ. ಕ್ರಯಪತ್ರದಲ್ಲಿ ಎರಡು ಸಾಲು ಬರೆಸಿದರೆ ಈ ವಾದವೇ ಹುಟ್ಟುವುದಿಲ್ಲ.

ಅದೇ ಕಾಯ್ದೆಯ 55ನೆಯ ಕಲಂ ಪ್ರಕಾರ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಸಾಮಾನ್ಯ ಎಚ್ಚರದಿಂದ ಕಂಡುಬರದ ಮುಖ್ಯ ಕುಂದುಗಳನ್ನು ಮಾರುವವನೇ ತಿಳಿಸಬೇಕು. ಫಲಕದ ಕಾಲು ನೆಟ್ಟ ಕಡೆ ತಾರಸಿ ಸೋರುತ್ತಿದ್ದರೆ, ಸಾಲ ಬಾಕಿಯಿದ್ದರೆ, ಇನ್ವರ್ಟರ್ ಕೆಟ್ಟು ಕೂತಿದ್ದರೆ ಬಾಯಿಬಿಟ್ಟು ಹೇಳುವುದೇ ಕ್ಷೇಮ.

ಮೊದಲು ಒಡೆತನ ತಿಳಿಯಿರಿ

ತಾರಸಿಯ ಮೇಲೆ ಕಂಡದ್ದೆಲ್ಲ ಮನೆಯವರ ಸ್ವಂತದ್ದೇ ಆಗಿರಬೇಕೆಂದಿಲ್ಲ. ಮೂರು ಬಗೆ ಇರಬಹುದು. ಮೊದಲನೆಯದು, ಪೂರ್ತಿ ಹಣ ಕೊಟ್ಟು ಕೊಂಡದ್ದು. ಇದಕ್ಕೆ ಅಂಗಡಿಯ ಬಿಲ್ಲೇ ಆಧಾರ. ಎರಡನೆಯದು, ಬ್ಯಾಂಕ್ ಸಾಲದಿಂದ ಕೊಂಡದ್ದು. ಮೂರನೆಯದು, ಕಂಪನಿಯೊಂದು ತನ್ನ ಖರ್ಚಿನಲ್ಲಿ ಫಲಕ ಕೂರಿಸಿ, ತಾರಸಿಯನ್ನು ಬಳಸಿಕೊಂಡು, ಯೂನಿಟ್ಟಿಗೆ ಇಷ್ಟೆಂದು ಮನೆಯವರಿಂದ ಹಣ ಪಡೆಯುವುದು. ಈ ಮೂರನೆಯ ಬಗೆಯಲ್ಲಿ ಫಲಕ ಕಂಪನಿಯದು. ಅದನ್ನು ಮಾರುವ ಹಕ್ಕು ಮನೆಯ ಯಜಮಾನನಿಗಿಲ್ಲ. ಹಾಗಿದ್ದಾಗ ಕಂಪನಿಯ ಒಪ್ಪಿಗೆ ಪತ್ರ ಬರುವವರೆಗೆ ಮುಂಗಡ ಕೊಡಬಾರದು.

ಕಣ್ಣಿಗೆ ಕಾಣದ ಆಸ್ತಿ

ಫಲಕಕ್ಕಿಂತ ಬೆಲೆಯುಳ್ಳದ್ದು ಒಮ್ಮೊಮ್ಮೆ ಪೆಟ್ಟಿಗೆಯಲ್ಲಿರುವ ಒಪ್ಪಂದದ ಕಾಗದ. ಗ್ರಿಡ್ಡಿಗೆ ಜೋಡಿಸಿದ ಪ್ರತಿ ಸೋಲಾರ್ ಮನೆಯವರೂ ವಿದ್ಯುತ್ ಸರಬರಾಜು ಕಂಪನಿಯೊಡನೆ, ಅಂದರೆ ನಮ್ಮ ಜನ ಇಂದಿಗೂ ಕೆ.ಇ.ಬಿ. ಎಂದೇ ಕರೆಯುವ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಮುಂತಾದವುಗಳೊಡನೆ, ಒಪ್ಪಂದ ಮಾಡಿಕೊಂಡಿರುತ್ತಾರೆ. ಬಳಸಿ ಉಳಿದ ವಿದ್ಯುತ್ತಿಗೆ ಯಾವ ದರ, ಎಷ್ಟು ವರ್ಷ ಎಂಬುದು ಅದರಲ್ಲಿರುತ್ತದೆ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರ ಅಕ್ಟೋಬರ್ 10ರ ಆದೇಶದಲ್ಲಿ ತಾರಸಿ ಸೋಲಾರಿಗೆ ಯೂನಿಟ್ಟಿಗೆ 9 ರೂ. 56 ಪೈಸೆ, ಸಹಾಯಧನ ಪಡೆದವರಿಗೆ 7 ರೂ. 20 ಪೈಸೆ ದರ ಗೊತ್ತುಮಾಡಿತ್ತು. ಒಪ್ಪಂದದ ಅವಧಿ 25 ವರ್ಷ. 2016ರಲ್ಲಿ ಹೊಸಬರಿಗೆ ದರ ಇಳಿಯಿತು. ಆದ್ದರಿಂದ ಹಳೆಯ ದರದ ಒಪ್ಪಂದವಿರುವ ಮನೆಗೆ ಬೆಲೆ ಹೆಚ್ಚು.

ಲೆಕ್ಕ ಹಾಕಿ ನೋಡೋಣ. ನಮ್ಮ ಬಿಸಿಲಿಗೆ 1 ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 3 ಕಿಲೋವಾಟಿಗೆ 12 ಯೂನಿಟ್. ಮನೆಯ ಬಳಕೆ 5 ಯೂನಿಟ್ ಆದರೆ 7 ಉಳಿಯಿತು. ತಿಂಗಳಿಗೆ 210 ಯೂನಿಟ್. 9 ರೂ. 56 ಪೈಸೆಯಂತೆ 2,007 ರೂ.ಗಳಿಗೂ ಮೇಲಾಯಿತು. ವರ್ಷಕ್ಕೆ ಸುಮಾರು 24,000 ರೂ. 2015ರ ಒಪ್ಪಂದ 2040ರವರೆಗೆ ನಡೆಯುತ್ತದೆ. ಇದನ್ನು ಬಾಯಿಮಾತಿಗೆ ಬಿಡುವುದು ಜಾಣತನವಲ್ಲ.

ಕೊಳ್ಳುವವರು ಮುಂಗಡ ಕೊಡುವ ಮೊದಲೇ ಮಾರುವವರ ಜೊತೆ ವಿದ್ಯುತ್ ಉಪವಿಭಾಗ ಕಚೇರಿಗೆ ಹೋಗಿ, ಒಪ್ಪಂದ ಉಳಿದ ಅವಧಿಗೆ ತಮ್ಮ ಹೆಸರಿಗೆ ಅದೇ ದರದಲ್ಲಿ ಮುಂದುವರಿಯುವುದೇ, ಅದಕ್ಕೆ ಯಾವ ಯಾವ ಕಾಗದ ಬೇಕು ಎಂಬುದನ್ನು ಅರ್ಜಿ ಕೊಟ್ಟು ಬರಹದಲ್ಲಿ ಪಡೆಯಬೇಕು. "ಆಗುತ್ತೆ ಹೋಗಿ" ಎಂಬ ಕೌಂಟರಿನ ಮಾತನ್ನು ನಂಬಿ ಬೆಲೆ ಏರಿಸಬಾರದು.

ಋಣಭಾರ ಪತ್ರದಲ್ಲಿ ಕಾಣದ ಸಾಲ

ಮನೆ ಕೊಳ್ಳುವವರು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ, ಅದು ಶುದ್ಧವಾಗಿದ್ದರೆ ನಿಶ್ಚಿಂತರಾಗುತ್ತಾರೆ. ಸೋಲಾರ್ ಸಾಲದ ವಿಷಯದಲ್ಲಿ ಇದು ಸಾಲದು. 3 ಕಿಲೋವಾಟ್‌ವರೆಗಿನ ಘಟಕಕ್ಕೆ ಸೂರ್ಯಘರ್ ಯೋಜನೆಯಡಿ ಬ್ಯಾಂಕುಗಳು ಮನೆಯನ್ನು ಒತ್ತೆ ಇಟ್ಟುಕೊಳ್ಳದೆ ಸಾಲ ಕೊಡುತ್ತವೆ. ಮನೆ ಒತ್ತೆ ಇಲ್ಲವಾದ್ದರಿಂದ ಋಣಭಾರ ಪತ್ರದಲ್ಲಿ ಆ ಸಾಲ ಬರುವುದಿಲ್ಲ. ಆದರೆ ಸಾಲ ತೀರುವವರೆಗೆ ಫಲಕದ ಮೇಲೆ ಬ್ಯಾಂಕಿನ ಹಕ್ಕು ಇರಬಹುದು.

ಆದ್ದರಿಂದ ಸೋಲಾರ್ ಸಾಲ ಪಡೆದಿದ್ದೀರಾ ಎಂದು ನೇರವಾಗಿ ಕೇಳಿ. ಪಡೆದಿದ್ದರೆ ಬ್ಯಾಂಕಿನಿಂದ ಬಾಕಿ ಇಲ್ಲವೆಂಬ 'ನೋ ಡ್ಯೂ' ಪತ್ರ ತರಿಸಿ. ಬಾಕಿ ಇದ್ದರೆ ಕ್ರಯದ ಹಣದಲ್ಲಿ ಅಷ್ಟನ್ನು ನೇರವಾಗಿ ಸಾಲದ ಖಾತೆಗೆ ಕಟ್ಟಿ ರಸೀದಿ ಇಟ್ಟುಕೊಳ್ಳುವುದು ಸರಿಯಾದ ದಾರಿ.

ತಾತನ ಹೆಸರಿನ ಮೀಟರು

ಹಳ್ಳಿಗಳಲ್ಲಿ ಹೆಚ್ಚು ತೊಡಕು ತರುವುದು ಇದೇ. ಮನೆ ಮಗನ ಹೆಸರಿಗೆ ಬಂದಿರುತ್ತದೆ. ಮೀಟರು ಮಾತ್ರ ತೀರಿಕೊಂಡ ತಾತನ ಹೆಸರಿನಲ್ಲೇ ಉಳಿದಿರುತ್ತದೆ. ಸೋಲಾರ್ ಬಿಲ್ಲು ಸೊಸೆಯ ಹೆಸರಿನಲ್ಲಿ, ಬ್ಯಾಂಕ್ ಖಾತೆ ಇನ್ನೊಬ್ಬರದು. ಹೀಗೆ ಮೂರು ಹೆಸರು ಮೂರು ದಿಕ್ಕಿಗಿದ್ದರೆ ಕೊಂಡವನ ಅರ್ಜಿ ಮುಂದೆ ಸಾಗುವುದಿಲ್ಲ.

ಮನೆ ಮಾರುವ ಯೋಚನೆ ಬಂದೊಡನೆ ಮೊದಲು ಇದನ್ನು ಸರಿಪಡಿಸಿಕೊಳ್ಳಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಇತರ ವಾರಸುದಾರರ ಒಪ್ಪಿಗೆ ಸೇರಿಸಿ ಮೀಟರನ್ನು ಮಾರುವವರ ಹೆಸರಿಗೆ ತರಬೇಕು. ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆಯಲ್ಲಿರುವ ಹೆಸರಿಗೂ ಮೀಟರಿನ ಹೆಸರಿಗೂ ತಾಳೆಯಾಗಬೇಕು. ಅಕ್ಷರ, ಇನಿಷಿಯಲ್ ವ್ಯತ್ಯಾಸವೂ ಅಲೆದಾಟಕ್ಕೆ ಕಾರಣವಾಗುತ್ತದೆ.

ಕ್ರಯಪತ್ರದಲ್ಲಿ ಏನಿರಬೇಕು?

ಷೆಡ್ಯೂಲಿನಲ್ಲಿ ಮನೆಯ ವಿವರದ ಕೆಳಗೆ ಒಂದು ಖಂಡಿಕೆ ಸಾಕು. ಫಲಕಗಳ ಸಂಖ್ಯೆ, ಒಟ್ಟು ಕಿಲೋವಾಟ್, ತಯಾರಕರ ಹೆಸರು, ಇನ್ವರ್ಟರಿನ ಕ್ರಮಾಂಕ, ಕಬ್ಬಿಣದ ಚೌಕಟ್ಟು, ಬ್ಯಾಟರಿ ಇದ್ದರೆ ಅದೂ, ಮೀಟರಿನ ಆರ್.ಆರ್. ಸಂಖ್ಯೆ, ಒಪ್ಪಂದದ ತಾರೀಕು ಇವಿಷ್ಟನ್ನು ನಮೂದಿಸಿ, "ಇವೆಲ್ಲವೂ ಮನೆಯೊಂದಿಗೆ ಕೊಳ್ಳುವವರಿಗೆ ಸೇರತಕ್ಕದ್ದು" ಎಂದು ಬರೆಸಬೇಕು. ಯಾವ ದಿನದವರೆಗಿನ ವಿದ್ಯುತ್ ಹಣ ಮಾರುವವರಿಗೆ, ಯಾವ ದಿನದಿಂದ ಕೊಳ್ಳುವವರಿಗೆ ಎಂಬುದೂ ಇರಲಿ. ಆ ದಿನ ಮೀಟರಿನ ಎರಡೂ ಅಂಕಿಗಳನ್ನು, ಎಂದರೆ ಒಳಗೆ ಬಂದದ್ದು ಮತ್ತು ಹೊರಗೆ ಹೋದದ್ದು, ಇಬ್ಬರೂ ಸೇರಿ ಓದಿ ಬರೆದು ಸಹಿ ಹಾಕಬೇಕು. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಸೋಲಾರ್ ನೀರೊಲೆಗೂ ಇದೇ ಮಾತು ಅನ್ವಯಿಸುತ್ತದೆ.

ರಿಜಿಸ್ಟ್ರಿಯ ನಂತರ

ಕ್ರಯಪತ್ರದ ನಕಲು, ಮಾರಿದವರ ಒಪ್ಪಿಗೆ ಪತ್ರ, ಕೊನೆಯ ಬಿಲ್ಲು ಕಟ್ಟಿದ ರಸೀದಿ, ಗುರುತಿನ ಚೀಟಿ ಇವುಗಳೊಡನೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಮೀಟರಿನ ಭದ್ರತಾ ಠೇವಣಿಯನ್ನು ಕೊಂಡವರ ಹೆಸರಿಗೆ ಬಿಡಲಾಗಿದೆಯೋ, ವಾಪಸು ಪಡೆಯಲಾಗುವುದೋ ಎಂಬುದನ್ನೂ ಒಪ್ಪಿಗೆ ಪತ್ರದಲ್ಲಿ ಸ್ಪಷ್ಟಪಡಿಸಬೇಕು. ಮೀಟರಿನ ಹೆಸರು ಬದಲಾದರೆ ಸೋಲಾರ್ ಒಪ್ಪಂದದ ಹೆಸರೂ ತಾನಾಗಿ ಬದಲಾಯಿತೆಂದು ತಿಳಿಯಬಾರದು. ಅದಕ್ಕೂ, ಹಣ ಜಮಾ ಆಗುವ ಬ್ಯಾಂಕ್ ಖಾತೆಗೂ ಬೇರೆಯಾಗಿಯೇ ಬರೆದು ಕೊಡಿ. ನಮ್ಮ ಮಾಸ್ತರರು ಎಡವಿದ್ದು ಇಲ್ಲೇ.

ಗೃಹಜ್ಯೋತಿ ಯೋಜನೆಗಾಗಿ ಮಾರಿದವರ ಆಧಾರ್ ಆ ಆರ್.ಆರ್. ಸಂಖ್ಯೆಗೆ ಜೋಡಣೆಯಾಗಿದ್ದರೆ ಅದನ್ನು ಬಿಡಿಸಿಕೊಳ್ಳಬೇಕು. ಫಲಕ, ಇನ್ವರ್ಟರುಗಳ ಗ್ಯಾರಂಟಿ ಕಾರ್ಡುಗಳನ್ನು ಕೇಳಿ ಪಡೆದು, ಹಾಕಿಕೊಟ್ಟ ಅಂಗಡಿಯವರಿಗೆ ಮಾಲೀಕರು ಬದಲಾದದ್ದನ್ನು ತಿಳಿಸಿ. ಸೂರ್ಯಘರ್ ಯೋಜನೆಯಲ್ಲಿ ಹಾಕಿಸಿದ ಘಟಕಕ್ಕೆ 5 ವರ್ಷ ನಿರ್ವಹಣೆ ಮಾಡಿಕೊಡುವ ಹೊಣೆ ಅವರದೇ.

ಬಿಚ್ಚಿಕೊಂಡು ಹೋಗುವುದಾದರೆ

ಮಾರುವವರು ಫಲಕ ಒಯ್ಯಬಾರದೆಂದೇನೂ ಇಲ್ಲ. ಆದರೆ ಅದನ್ನು ಮೊದಲೇ ಹೇಳಿ, ಕ್ರಯದ ಕರಾರಿನಲ್ಲಿ ಬರೆಸಿ, ವಿದ್ಯುತ್ ಕಚೇರಿಗೆ ತಿಳಿಸಿ ಮಾಡಬೇಕು. ಒಪ್ಪಂದ ಆ ಮನೆಯ ಮೀಟರಿಗೆ ಕಟ್ಟುಬಿದ್ದದ್ದು; ಫಲಕ ಹೊತ್ತೊಯ್ದರೆ ಹಳೆಯ ದರ ಹಿಂದೆ ಬರುತ್ತದೆಂದು ಎಣಿಸಬಾರದು. ಬಿಚ್ಚುವ, ಸಾಗಿಸುವ, ಮತ್ತೆ ಕೂರಿಸುವ ಖರ್ಚು ಬೇರೆ. ತಾರಸಿಯ ತೂತು ಮುಚ್ಚಿಸಿ ಕೊಡದಿದ್ದರೆ ಮೊದಲ ಮಳೆಗೇ ಜಗಳ ಖಂಡಿತ. ಇನ್ನೊಂದು ಎಚ್ಚರಿಕೆ: ಮೇನ್ ಸ್ವಿಚ್ಚು ಆರಿಸಿದರೂ ಬಿಸಿಲು ಬೀಳುತ್ತಿರುವವರೆಗೆ ಫಲಕದ ತಂತಿಯಲ್ಲಿ ವಿದ್ಯುತ್ ಇರುತ್ತದೆ. ಅನುಭವವಿಲ್ಲದವರು ಸ್ಪ್ಯಾನರು ಹಿಡಿದು ತಾರಸಿ ಹತ್ತಬಾರದು.

ಹಿಂದೆ ಮನೆ ಮಾರುವಾಗ ಬಾವಿಯ ಪಾಲು, ದಾರಿಯ ಹಕ್ಕು, ಮರದ ಫಲ ಎಲ್ಲವನ್ನೂ ಹಿರಿಯರು ಪತ್ರದಲ್ಲಿ ಬರೆಸುತ್ತಿದ್ದರು. ಅವು ನಂಬಿಕೆ ಇಲ್ಲದವರು ಮಾಡಿದ ಬರಹಗಳಲ್ಲ. ನಂಬಿಕೆ ಉಳಿಯಲಿ ಎಂದು ಮಾಡಿದವು. ಈಗ ಬಿಸಿಲೂ ಮನೆಯ ಆದಾಯವಾಗಿದೆ. ಅದಕ್ಕೂ ಪತ್ರದಲ್ಲಿ ಎರಡು ಸಾಲು ಜಾಗವಿರಲಿ.

ಮಾಸ್ತರರ ಒಪ್ಪಂದ ಕೊನೆಗೆ ಅವರ ಹೆಸರಿಗಾಯಿತು. ಹಳೆಯ ಯಜಮಾನರೇ ಬೆಂಗಳೂರಿನಿಂದ ಬಂದು ಸಹಿ ಹಾಕಿ, ಏಳು ತಿಂಗಳ ಹಣವನ್ನು ಎಣಿಸಿ ಕೊಟ್ಟರು. "ಮೊದಲೇ ಬರೆದಿದ್ದರೆ ಇಷ್ಟು ದೂರ ಬರೋದು ತಪ್ಪುತ್ತಿತ್ತು ಮೇಷ್ಟ್ರೇ" ಎಂದರಂತೆ. ಅಂದು ಇಬ್ಬರೂ ಮತ್ತೆ ಕಾಫಿಗೆ ಕೂತರು.