ಮಿಶನ್ ಬಿಟ್ಟ ಅಡಿಕೆ

ಸಂಜೆ ಏಳೂವರೆಗೆ ಕರೆಂಟು ಹೋಯಿತು. ಅಂಗಳದ ಮೂಲೆಯಲ್ಲಿ ಮಧ್ಯಾಹ್ನದಿಂದ ಗರಗರ ತಿರುಗುತ್ತಿದ್ದ ಅಡಿಕೆ ಸುಲಿಯುವ ಮಿಶನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅಷ್ಟು ಹೊತ್ತೂ ಅದರಡಿ ಹೂತುಹೋಗಿದ್ದ ಸದ್ದುಗಳೆಲ್ಲ ಒಂದೊಂದಾಗಿ ಮೇಲೆ ಬಂದವು. ಜೀರುಂಡೆ, ಕೊಟ್ಟಿಗೆಯಲ್ಲಿ ದನ ಮೆಲುಕು ಹಾಕುವುದು, ಬಚ್ಚಲ ಒಲೆಯಲ್ಲಿ ಸೋಗೆ ಚಟಗುಟ್ಟುವುದು. ಅಪ್ಪಯ್ಯ ಲೈನ್‌ಮನ್‌ಗೆ ಫೋನು ಹಚ್ಚಿ ಬಂದ. "ಕೊಂಬೆ ಬಿದ್ದು ತಂತಿ ಹರದ್ದಡ. ರಾತ್ರಿ ಬಂದ್ರೆ ಬಂತು, ಇಲ್ದಿದ್ರೆ ಇಲ್ಲೆ."

ಕೊನೆ ಕೊಯ್ದು ಎರಡು ದಿನವಾಗಿತ್ತು. ಹಸಿ ಅಡಿಕೆ ಕಾಯುವುದಿಲ್ಲ. ಸುಲಿದು, ಚೊಗರು ಹಾಕಿ ಬೇಯಿಸಿ, ಅಟ್ಟಕ್ಕೆ ಏರಿಸದಿದ್ದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ರೇಟು ಬೀಳುತ್ತದೆ. ಅಮ್ಮ ಎರಡು ಕಡೆ ಫೋನು ಮಾಡಿದಳು. ಎಂಟೂವರೆ ಹೊತ್ತಿಗೆ ಆಚೆಕೇರಿಯಿಂದ ಟಾರ್ಚುಗಳು ಗದ್ದೆ ಅಂಚಿನಗುಂಟ ಬರತೊಡಗಿದವು. ಮುಂದೆ ಆ ಕೇರಿಯ ಅಜ್ಜಿ, ಹಿಂದೆ ಅವಳ ಮಗಳು ಮತ್ತು ಅಳಿಯ, ಅವರ ಹಿಂದೆ ಪಕ್ಕದ ಮನೆಯ ಗಂಡ ಹೆಂಡತಿ. ಎಲ್ಲರ ಕಂಕುಳಲ್ಲೂ ಒಂದೊಂದು ಮೆಟ್ಟುಗತ್ತಿ.

ಮೆಟ್ಟುಗತ್ತಿ ನೋಡದವರಿಗೆ ಹೇಳಬೇಕು. ಒಂದು ಮಣೆ, ಅದರ ತುದಿಯಲ್ಲಿ ನಿಂತ ಒಂದು ಕತ್ತಿ. ಮಣೆಯನ್ನು ಕಾಲಲ್ಲಿ ಮೆಟ್ಟಿ ಕೂತು, ಕಾಯನ್ನು ಅಲಗಿಗೆ ಒತ್ತಿ ಒಂದು ತಿರುವು ಕೊಟ್ಟರೆ ಸಿಪ್ಪೆ ಅತ್ತ, ಬೆಟ್ಟೆ ಇತ್ತ. ಬರೆಯುವುದು ಇಷ್ಟು ಸುಲಭ. ನಾನು ಮಾಡಿದರೆ ಸಿಪ್ಪೆಯ ಜೊತೆ ಹೆಬ್ಬೆರಳ ಚರ್ಮವೂ ಅತ್ತ. ಅಜ್ಜಿಯ ಕೈ ನೋಡಿದರೆ ಕತ್ತಿ ಇದೆ ಎಂಬುದೇ ಮರೆತುಹೋಗುತ್ತದೆ. ಅವಳು ಕಾಯಿ ನೋಡುವುದೂ ಇಲ್ಲ. ಮಾತಾಡುತ್ತಿರುವವರ ಮುಖ ನೋಡುತ್ತಾಳೆ, ಬೆರಳು ತನ್ನ ಪಾಡಿಗೆ ತಾನು ಸುಲಿಯುತ್ತದೆ. ಕೂಲಿ ಡಬ್ಬದ ಲೆಕ್ಕ. ಒಂದು ಡಬ್ಬ ತುಂಬಿದರೆ ಅಪ್ಪಯ್ಯ ಕಂಬದ ಮೇಲೆ ಇದ್ದಿಲಲ್ಲಿ ಒಂದು ಗೀಟು ಎಳೆಯುತ್ತಾನೆ.

ನಾನು ಅದೇ ಅಂಗಳದಲ್ಲಿ, ತುಳಸಿಕಟ್ಟೆಗೆ ಬೆನ್ನು ಕೊಟ್ಟು ಲ್ಯಾಪ್‌ಟಾಪ್ ತೆರೆದೆ. ರೂಟರ್ರಿಗೂ ಎರಡು ಬಲ್ಬಿಗೂ ಇನ್ವರ್ಟರ್ ಸಾಕು, ಮಿಶನ್ನಿನ ಮೋಟಾರಿಗೆ ಸಾಲದು. ಒಂಬತ್ತೂವರೆಗೆ ನನ್ನ ಪಾಳಿ. ನ್ಯೂಯಾರ್ಕಿನಲ್ಲಿ ಆಗ ಬೆಳಗಿನ ಹನ್ನೊಂದು ಗಂಟೆ.

ಆನ್-ಕಾಲ್ ಎಂದರೇನು ಎಂದು ಅಮ್ಮನಿಗೆ ಎರಡು ವರ್ಷ ವಿವರಿಸಿ ಸೋತಿದ್ದೆ. ಕೆಲಸ ಇಲ್ಲ, ಆದರೆ ಎದ್ದಿರಬೇಕು. ಫೋನು ಕೂಗಿದರೆ ಐದು ನಿಮಿಷದೊಳಗೆ ಕೂತಿರಬೇಕು. ಕೂಗದಿದ್ದರೆ ಏನೂ ಇಲ್ಲ. ಕೊನೆಗೆ ಅವಳೇ ಒಂದು ದಿನ ಹೇಳಿದಳು: "ಕೊಟ್ಟಿಗೇಲಿ ಗಬ್ಬದ ದನ ಇದ್ದಂಗೆ ಹೇಳಾತು." ನಮ್ಮ ಕಂಪನಿಯ ತರಬೇತಿಯಲ್ಲಿ ನಲವತ್ತು ಸ್ಲೈಡು ತೋರಿಸಿದ್ದರು. ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಅದರಲ್ಲೂ ಈ ವಾರ ಕಠಿಣ. ನವೆಂಬರಿನ ನಾಲ್ಕನೇ ಗುರುವಾರ ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್, ಮಾರನೇ ದಿನ ಬ್ಲ್ಯಾಕ್ ಫ್ರೈಡೇ, ಸೋಮವಾರದವರೆಗೂ ಮಾರಾಟವೋ ಮಾರಾಟ. ಆ ದೇಶದ ಜನ ಟಿವಿ, ಬೂಟು, ಕಾಫಿ ಮಿಶನ್ನು ಕೊಂಡು ದುಡ್ಡು ಕಟ್ಟುವ ಹಾದಿಯಲ್ಲಿ ಎಲ್ಲೋ ಒಂದು ಕಡೆ ನಮ್ಮ ತಂಡದ ಕೋಡ್ ಕೂತಿದೆ. ಥ್ಯಾಂಕ್ಸ್‌ಗಿವಿಂಗ್ ಕೂಡ ಮೂಲದಲ್ಲಿ ಸುಗ್ಗಿಯ ಹಬ್ಬವೇ. ಅವರ ಸುಗ್ಗಿಯೂ ನಮ್ಮ ಕೊನೆಕೊಯ್ಲೂ ಒಂದೇ ತಿಂಗಳಲ್ಲಿ ಬೀಳುವುದರಿಂದ ನಾನು ರಜೆ ಕೇಳಿದಾಗೆಲ್ಲ ಬಾಸ್ ಮುಖ ಸಣ್ಣದಾಗುತ್ತದೆ. ಊರಿಂದಲೇ ಕೆಲಸ ಮಾಡುತ್ತೇನೆ ಎಂದರೆ ಒಪ್ಪುತ್ತಾರೆ. 2020ರ ಮಾರ್ಚಿನ ಲಾಕ್‌ಡೌನಿಗೆ ಮುಂಚೆ ಅದೂ ಇರಲಿಲ್ಲ. ಆ ವರ್ಷ ಇಲ್ಲಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಮಳೆಗೆ ಪ್ಲಾಸ್ಟಿಕ್ ಹೊದೆಸಿದ ಗುಡಿಸಲಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದರು. ನಾನೂ ಅದೇ ಗುಡಿಸಲಲ್ಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳ ಪಕ್ಕ ಕೂತು ಮೀಟಿಂಗ್ ಮಾಡಿದ್ದುಂಟು. ನನ್ನ ಮೈಕಿನಲ್ಲಿ ಅವಳ ಮಗ್ಗಿ ಕೇಳುತ್ತಿತ್ತು. ಈಗ ಫೈಬರ್ ಬಂದಿದೆ, ಮರದಿಂದ ಮರಕ್ಕೆ ಜೋತುಬಿದ್ದುಕೊಂಡು.

ಸುಲಿತದ ರಾತ್ರಿಗಳು ನಿಂತು ಹತ್ತು ಹನ್ನೆರಡು ವರ್ಷವಾಯಿತೇನೋ. ನಾನು ಹೈಸ್ಕೂಲಿನಲ್ಲಿದ್ದಾಗ ಇದೇ ಅಂಗಳದಲ್ಲಿ ಹದಿನೈದು ಹದಿನೆಂಟು ಮಂದಿ ಕೂರುತ್ತಿದ್ದರು. ಊಟ ಮುಗಿಸಿ ಬಂದವರು ಏಳುವಾಗ ಒಂದು, ಎರಡು ಗಂಟೆ. ನಡುವೆ ಒಂದು ಸಲ ಚಾ, ಅವಲಕ್ಕಿ. ಕವಳದ ಬಟ್ಟಲು ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತಿತ್ತು. ಯಾರ ಮನೆಯ ಹುಡುಗಿಗೆ ಎಲ್ಲಿ ನೆಂಟಸ್ತಿಕೆ, ಯಾವ ಮೇಳದ ಯಾವ ಭಾಗವತರ ಗಂಟಲು ಹೋಯಿತು, ಯಾವ ಹೊಂಡದ ಹತ್ತಿರ ಯಾರಿಗೆ ಏನು ಕಂಡಿತು, ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಆಮೇಲೆ ಮಿಶನ್ನು ಬಂತು. ತಂದದ್ದು ತಪ್ಪು ಎಂದು ಹೇಳುವ ಬಾಯಿ ನನಗಿಲ್ಲ. ಸುಲಿಯುವವರು ಸಿಗದೆ ಅಪ್ಪಯ್ಯ ಮನೆ ಮನೆ ತಿರುಗಿದ್ದನ್ನು ಕಂಡಿದ್ದೇನೆ. ಸುಲಿಯುವವರ ಮಕ್ಕಳು ಸಾಗರಕ್ಕೆ, ಶಿವಮೊಗ್ಗಕ್ಕೆ, ಬೆಂಗಳೂರಿಗೆ ಹೋಗಿದ್ದರು. ನಾನೂ ಹೋಗಿದ್ದೆನಲ್ಲ.

"ನಿಮ್ಮ ಕೆಲಸಕ್ಕೂ ಮಿಶನ್ ಬಂದೈತಂತಲ್ಲ ಭಟ್ರೇ?" ಅಜ್ಜಿ ಕೇಳಿದಳು. ಮೊಮ್ಮಗ ಹೇಳಿದ್ದನಂತೆ, ಬಾಯಲ್ಲಿ ಹೇಳಿದರೆ ಅದೇ ಬರೆದು ಕೊಡುತ್ತದೆ ಎಂದು.

ಎಪ್ಪತ್ತು ದಾಟಿದವಳು ನನ್ನನ್ನು ಭಟ್ರೇ ಎನ್ನುತ್ತಾಳೆ. ನಾನು ಹುಟ್ಟಿದ ದಿನ ಬಿಸಿನೀರು ಕಾಯಿಸಿದವಳು. ಆಫೀಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು ಹೆಸರು ಹಿಡಿದೇ ಕರೆಯಬೇಕು, ಸರ್ ಎಂದರೆ ನಗುತ್ತಾರೆ. ಹೆಸರು ಹಿಡಿದು ಕರೆ ಎಂದು ಅಜ್ಜಿಗೆ ಒಂದು ಸಲ ಹೇಳಿದ್ದೆ. "ಥೋ, ಹೆಂಗಾಗ್ತದೆ" ಎಂದು ಎದ್ದು ಹೋಗಿದ್ದಳು. ಅವಳು ಕೂರುವ ಜಾಗ ಇವತ್ತೂ ಅಂಗಳವೇ, ಜಗಲಿಯಲ್ಲ. ಚಾದ ಲೋಟ ಬೇರೆಯೇ ಇಡುವುದು ಮಾತ್ರ ಈಗಿಲ್ಲ. ಅದು ನಿಂತದ್ದು ನಮ್ಮ ಸುಧಾರಣೆಯಿಂದಲೋ, ಪೇಪರ್ ಕಪ್ಪು ಬಂದದ್ದರಿಂದಲೋ, ನಾನು ಅಮ್ಮನನ್ನು ಕೇಳಿಲ್ಲ.

"ಬಂದೈತೆ ಅಜ್ಜಿ," ಎಂದೆ. "ನಾಕು ದಿನದ ಕೆಲಸ ಅರ್ಧ ಗಂಟೆಗೆ ಮಾಡ್ತದೆ."

"ಎಲ್ಲ ಸರೀ ಮಾಡ್ತದಾ?"

"ಸುಮಾರು ಸರಿ."

"ಹಂಗಾರೆ ಇದೂ ಹಂಗೇ," ಎಂದು ಮೂಲೆಯ ಮಿಶನ್ನಿನತ್ತ ಗದ್ದ ತೋರಿಸಿದಳು. "ದಪ್ಪ ಕಾಯಿ, ಒಂದೇ ನಮೂನೆದು, ಎಲ್ಲ ಅದು ಸುಲೀತದೆ. ಸಣ್ಣದು, ಸೊಟ್ಟದು, ಎಳೇದು ನಮಗೆ ಬಿಡ್ತದೆ. ಅದನ್ನ ಆರಿಸಿ ಸುಲಿಯದ್ರಾಗೆ ಡಬ್ಬ ತುಂಬದೇ ಇಲ್ಲ. ಮೊದಲು ರಾತ್ರಿಗೆ ಮೂರು ಡಬ್ಬ ಮಾಡ್ತಿದ್ದೆ, ಈಗ ಒಂದೂವರೆ. ಡಬ್ಬಕ್ಕೆ ರೇಟು ಮಾತ್ರ ಅದೇ ಲೆಕ್ಕ."

ಅಪ್ಪಯ್ಯ ಕಂಬದ ಕಡೆ ತಿರುಗಿ ಇದ್ದಿಲು ಹುಡುಕಿದ.

ನಾನು ಪರದೆಯ ಕಡೆ ತಿರುಗಿದೆ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. ಆ ದಿನವೂ ನಾನು ಇಲ್ಲೇ, ಕೊಯ್ಲಿನಲ್ಲೇ ಇದ್ದೆ. ಮೊದಲ ವರ್ಷ ಆಟದ ಸಾಮಾನು. ಈಗ ಬೆಳಗ್ಗೆ ಎದ್ದರೆ ಅದು ಬರೆದದ್ದನ್ನು ಓದುವುದೇ ನನ್ನ ಉದ್ಯೋಗ. ಸಲೀಸಾದ ಕೆಲಸವೆಲ್ಲ ಅದರದ್ದು. ಯಾವತ್ತೋ ಯಾರೋ ಬರೆದು ಬಿಟ್ಟುಹೋದ ಗಂಟು, ಹೊರಗಿನಿಂದ ಸರಿಯಾಗಿ ಕಂಡು ಒಳಗೆ ತಪ್ಪಿರುವ ಸಾಲು, ಇವು ನನಗೆ. ಮೊದಲು ಸಲೀಸಾದ ಕೆಲಸ ಮಾಡುವಾಗ ತಲೆಗೆ ಸ್ವಲ್ಪ ವಿಶ್ರಾಂತಿ ಸಿಗುತ್ತಿತ್ತು, ಪಕ್ಕದವನ ಜೊತೆ ಎರಡು ಮಾತಾಡುತ್ತಿದ್ದೆ. ಈಗ ಇಡೀ ದಿನ ಸೊಟ್ಟ ಕಾಯಿಯೇ. "ಅರ್ಧ ಅದೇ ಮಾಡ್ತಲ್ಲ, ನಿನಗೆ ಯಾಕೆ ಇಷ್ಟು ದಿನ?" ಎಂದು ಬಾಸ್ ಕೇಳುತ್ತಾರೆ. ಇಷ್ಟು ದಿನ ಇದಕ್ಕೆ ಉತ್ತರ ಹೊಳೆದಿರಲಿಲ್ಲ.

ಈ "ಸುಮಾರು ಸರಿ" ಎಂಬುದಕ್ಕೆ ಮಧ್ಯಾಹ್ನದ್ದೊಂದು ಸಂಗತಿ. ಬೆಳೆ ಸಮೀಕ್ಷೆಯ ಆ್ಯಪಿಗೆ ತೋಟದ ಫೋಟೊ ಏರಿಸಬೇಕೆಂದು ಅಪ್ಪಯ್ಯ ನನ್ನನ್ನು ಎಬ್ಬಿಸಿಕೊಂಡು ಹೋಗಿದ್ದ. ದಟ್ಟ ತೋಟದ ನಡುವೆ ನಿಂತರೆ ಫೋನಿಗೆ ಆಕಾಶ ಕಾಣುವುದಿಲ್ಲ, ಜಿಪಿಎಸ್ ಹತ್ತಿಪ್ಪತ್ತು ಮೀಟರು ಅತ್ತಿತ್ತ ಓಲಾಡುತ್ತದೆ. ಅಪ್ಪಯ್ಯನ ಅಜ್ಜ ನೆಟ್ಟ ಮರಕ್ಕೆ ಕೈ ಊರಿ ನಿಂತಿದ್ದೇವೆ, ಪರದೆಯ ಪ್ರಕಾರ ದಾಯಾದಿಗಳ ಸರ್ವೆ ನಂಬರಿನಲ್ಲಿದ್ದೇವೆ. "ನಲವತ್ತು ವರ್ಷ ಅವ್ರೂ ಇದನ್ನೇ ಹೇಳಿದ್ದು" ಎಂದ ಅಪ್ಪಯ್ಯ. ನಕ್ಕು ನಕ್ಕು ಫೋಟೊ ಅಲುಗಿತು.

ಹತ್ತು ಗಂಟೆಯ ಚಾ ಆದ ಮೇಲೆ ನಾನೂ ಒಂದು ಮೆಟ್ಟುಗತ್ತಿ ಎಳೆದುಕೊಂಡೆ. ಮಾತು ಕರೆಂಟಿನತ್ತ ತಿರುಗಿತ್ತು. ಕರೆಂಟು ಎಂದರೆ ಈ ಸೀಮೆಯಲ್ಲಿ ಅದು ಶರಾವತಿಯ ಮಾತು. ಜೋಗದಲ್ಲಿ ಮೊದಲ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ. ಲಿಂಗನಮಕ್ಕಿಯಲ್ಲಿ ನದಿಗೆ ಅಡ್ಡ ಕಟ್ಟೆ ಎದ್ದದ್ದು 1964ರಲ್ಲಿ. ಅದರ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವ್ಯಾಟ್ ಹುಟ್ಟುತ್ತದೆ. ನಮ್ಮ ಗುಡ್ಡದ ನೆತ್ತಿಯ ಮೇಲಿಂದ ದೊಡ್ಡ ದೊಡ್ಡ ಟವರುಗಳು ಅದನ್ನು ಹೊತ್ತು ಘಟ್ಟದಾಚೆ ಹೋಗುತ್ತವೆ. ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಯಾರೂ ಇಲ್ಲದ ಶನಿವಾರವೂ ಏಸಿ ಓಡುತ್ತದೆ.

"ನಮ್ಮನೆ ನೀರಿನಡಿಗೆ ಹೋತು," ಎಂದಳು ಅಜ್ಜಿ. "ಆ ನೀರಿನ ಕರೆಂಟು ನಮ್ಮನೆಗೆ ಬರದ್ರಾಗೆ ನನ್ನ ಮೂರನೇ ಮಗಳು ಹುಟ್ಟಿದ್ಲು." ಅವಳ ತವರು ಮುಳುಗಡೆಯದ್ದು. ಇಷ್ಟು ವರ್ಷದಲ್ಲಿ ನಾನು ಅದನ್ನು ಕೇಳಿಯೇ ಇರಲಿಲ್ಲ. ಆಗ ಅವಳಿಗೆ ಹತ್ತೋ ಹನ್ನೊಂದೋ. ಲಾರಿಯಲ್ಲಿ ಸಾಮಾನು ತುಂಬಿ ಮನೆಯವರನ್ನೂ ಹತ್ತಿಸಿದರು. ದನಗಳನ್ನು ಹೊಡೆದುಕೊಂಡು ಅಪ್ಪ ನಡೆದೇ ಹೊರಟ. ಹೊಸ ಜಾಗದಲ್ಲಿ ಮೂರು ದಿನ ಕಟ್ಟಿಹಾಕಿದ್ದರು. ನಾಲ್ಕನೇ ದಿನ ಬೆಳಗ್ಗೆ ನೋಡಿದರೆ ಒಂದು ಕಪ್ಪು ದನ ಹಗ್ಗ ಹರಿದುಕೊಂಡು ಹೋಗಿಬಿಟ್ಟಿದೆ. ಹೋದದ್ದು ಎಲ್ಲಿಗೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. "ಅಪ್ಪ ಹಿಂದೇ ಓಡಿದ. ನಾನೂ ಅಪ್ಪನ ಹಿಂದೆ..."

ಫೋನು ಕೂಗಿತು. ಗಬ್ಬದ ದನ.

ಹನ್ನೊಂದು ಹತ್ತು. ಪೇಮೆಂಟುಗಳು ಸೋಲತೊಡಗಿದ್ದವು. ಲ್ಯಾಪ್‌ಟಾಪ್ ತೆರೆಯಲು ಬೆರಳಿಟ್ಟೆ, ಒಪ್ಪಲಿಲ್ಲ. ಇನ್ನೊಮ್ಮೆ ಇಟ್ಟೆ, ಇಲ್ಲ. ಬಲ್ಬಿನ ಬೆಳಕಿಗೆ ಹಿಡಿದು ನೋಡಿದೆ: ತೋರುಬೆರಳಿನ ಗೆರೆಗಳೊಳಗೆಲ್ಲ ಹಸಿ ಅಡಿಕೆಯ ಚೊಗರು ಇಳಿದು ಕಪ್ಪಗೆ ಅಂಟಿಕೊಂಡಿದೆ. ಒಂದೇ ಗಂಟೆ ಸುಲಿದದ್ದಕ್ಕೆ. "ನಂದೂ ರೇಷನ್ ಅಂಗಡೀಲಿ ಹಂಗೇ," ಅಜ್ಜಿ ಕತ್ತು ಚಾಚಿ ನೋಡಿ ಹೇಳಿದಳು. "ಹತ್ತು ಬೆರಳೂ ಒತ್ತಸ್ತಾರೆ. ಯಾವುದೋ ಒಂದು ಹಿಡೀತದೆ." ನಾನು ಪಾಸ್‌ವರ್ಡ್ ಕುಟ್ಟಿ ಒಳಗೆ ಹೋದೆ.

ವರ್ಜೀನಿಯಾದಲ್ಲಿರುವ ಯಾವುದೋ ಯಂತ್ರದ ಡಿಸ್ಕ್ ತುಂಬಿಹೋಗಿತ್ತು. ಕಾರಣ ಹುಡುಕಿ ಹೋದರೆ ಒಂದೇ ಒಂದು ಸಾಲು. ಪ್ರತಿ ಕೋರಿಕೆಯ ಪೂರ್ತಿ ವಿವರವನ್ನು, ಅದು ಮತ್ತೆ ಮತ್ತೆ ಪ್ರಯತ್ನಿಸಿದಾಗೆಲ್ಲ, ಲಾಗಿಗೆ ಬರೆದಿಡು ಎನ್ನುವ ಸಾಲು. ಬೇರೆ ದಿನವಾದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಸುಗ್ಗಿಯ ನೂಕುನುಗ್ಗಲಿಗೆ ಕಣಜ ಬಿರಿದಿತ್ತು. ಬರೆದದ್ದು ಮಿಶನ್ನು. ಮೂರು ವಾರದ ಹಿಂದೆ ಓದಿ ಸರಿಯಿದೆ ಎಂದು ಒಪ್ಪಿಗೆ ಕೊಟ್ಟವನ ಹೆಸರು ಪಕ್ಕದಲ್ಲೇ ಇತ್ತು, ನನ್ನದು. ಆವತ್ತು ಸಂಜೆ ಅಂಥವು ಇನ್ನೂ ಎಂಟು ಓದುವುದಿತ್ತು. ಹಳೆಯ ಲಾಗುಗಳನ್ನು ಅಳಿಸಿ, ಆ ಸಾಲಿನ ಬಾಯಿ ಕಟ್ಟಿ, ಗೆರೆ ಮತ್ತೆ ಹಸಿರಾಗುವುದನ್ನು ಕಾದು, ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ತಪ್ಪು ಯಾರದು ಎಂಬ ಕಡೆ ನನ್ನ ಹೆಸರನ್ನೇ ಬರೆದೆ. ಅಲ್ಲಿ ಇನ್ನೇನಾದರೂ ಸೇರಿಸಬೇಕಿತ್ತು ಎಂದು ಅನ್ನಿಸಿತು, ಸೇರಿಸಲಿಲ್ಲ.

ಪರದೆಯಿಂದ ಅಂಗಳಕ್ಕೆ ಮರಳಿದಾಗ ಅಜ್ಜಿಯ ಡಬ್ಬ ಅಂಚಿನವರೆಗೆ ಬಂದಿತ್ತು. ಕರೆಂಟಿಲ್ಲದ ರಾತ್ರಿಯಲ್ಲವೇ, ದಪ್ಪ ಕಾಯಿಗಳೂ ಅವಳ ಪಾಲಿಗೆ ಸಿಕ್ಕಿದ್ದವು. ಕಂಬದ ಮೇಲೆ ಅವಳ ಹೆಸರಿಗೆ ಎರಡು ಗೀಟು, ಇದು ಮೂರನೆಯದು. ನಾನು ಪಕ್ಕದಲ್ಲಿ ಕೂತೆ.

"ಆಮೇಲೆ ದನ?"

"ನೀರು ಅಷ್ಟೊತ್ತಿಗೆ ನಮ್ಮ ಗದ್ದೆವರೆಗೆ ಬಂದಿತ್ತು," ಎಂದಳು. ಕಾಯಿ ತಿರುವುತ್ತಿದ್ದ ಕೈ ನಿಂತಿತು. ಅವಳ ಕೈ ನಿಂತದ್ದನ್ನು ಆ ರಾತ್ರಿ ನಾನು ನೋಡಿದ್ದು ಅದೊಂದೇ ಸಲ. "ನೋಡಿದ್ರೆ ಅದು ಕೊಟ್ಟಿಗೆ ಇದ್ದ ಜಾಗದಾಗೆ..."

ಮನೆಯ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಸ್ವಿಚ್ಚು ಆರಿಸಿಯೇ ಇರಲಿಲ್ಲ. ಮೂಲೆಯ ಮಿಶನ್ನು ಗರ್ರೆಂದು ಎದ್ದು, ಬಾಯಲ್ಲಿ ಉಳಿದಿದ್ದ ಕಾಯಿಗಳನ್ನು ಅಗಿಯತೊಡಗಿತು. ಅಪ್ಪಯ್ಯ ಓಡಿಹೋಗಿ ಒಂದು ಬುಟ್ಟಿ ಹಸಿ ಅಡಿಕೆ ಮೇಲಿನಿಂದ ಸುರಿದ. ದನ ಏನಾಯಿತು ಎಂದು ಕೂಗಿ ಕೇಳಿದೆ, ನನ್ನ ದನಿ ನನಗೇ ಕೇಳಿಸಲಿಲ್ಲ. ಅಜ್ಜಿಯ ತುಟಿಗಳು ಒಂದಷ್ಟು ಹೊತ್ತು ಆಡಿದವು. ಆಮೇಲೆ ಅವಳು ಕೈಸನ್ನೆಯಲ್ಲೇ ಇರಲಿ ಎಂದು, ಸೊಂಟಕ್ಕೆ ಕೈ ಕೊಟ್ಟು ಎದ್ದು, ಮೆಟ್ಟುಗತ್ತಿಯನ್ನು ಎಳೆದುಕೊಂಡು ಹೋಗಿ ಮಿಶನ್ನಿನ ಬಾಯಿಯೆದುರು ಹಾಕಿಕೊಂಡು ಕೂತಳು. ಸಣ್ಣದು, ಸೊಟ್ಟದು, ಎಳೇದು ಒಂದೊಂದೇ ಉರುಳಿ ಅವಳ ಕಾಲ ಬಳಿ ಬೀಳತೊಡಗಿದವು.