ರೆಕಾರ್ಡ್ ತಟ್ಟೆಯೇ ವಾದ್ಯವಾದಾಗ

ಮಕ್ಕಳೇ, ಹಿಪ್ ಹಾಪ್ ಹಾಡುಗಳ ನಡುವೆ ‘ವಿಕ್ಕಿ ವಿಕ್ಕಿ’ ಅಂತ ಗೀಚಿದ ಹಾಗೆ ಒಂದು ಸದ್ದು ಬರುತ್ತದಲ್ಲ, ಅದು ಯಾವ ವಾದ್ಯದ್ದು? ಯಾವುದರದ್ದೂ ಅಲ್ಲ. ಗ್ರಾಮಫೋನ್ ರೆಕಾರ್ಡನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿದರೆ ಬರುವ ಸದ್ದು ಅದು.

1973ರ ಆಗಸ್ಟ್ 11. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬಡವರೇ ಹೆಚ್ಚಿದ್ದ ಬ್ರಾಂಕ್ಸ್ ಭಾಗ. ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆ ಕೊಳ್ಳಬೇಕು ಅಂತ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಟಿಕೆಟ್ ಇಟ್ಟು ಕುಣಿತದ ಕೂಟ ನಡೆಸಿದಳು. ಹಾಡು ಹಾಕಿದವನು ಅವಳ ಅಣ್ಣ ಕ್ಲೈವ್. ಎಲ್ಲರ ಬಾಯಲ್ಲಿ ‘ಕೂಲ್ ಹರ್ಕ್’. ಹಾಡು ನಿಂತು ಬರೀ ಡ್ರಮ್ ಕೇಳುವ ಕಡೆ ಜನ ಹೆಚ್ಚು ಹುರುಪಿನಿಂದ ಕುಣಿಯುವುದನ್ನು ಅವನು ಗಮನಿಸಿದ್ದ. ಆದರೆ ಆ ತುಣುಕು ಕೆಲವೇ ಸೆಕೆಂಡಿನದು. ಅದಕ್ಕೆ ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟ. ಒಂದರಲ್ಲಿ ತುಣುಕು ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಶುರು!

ಹರ್ಕ್ ಮುಳ್ಳನ್ನು ಕಣ್ಣಂದಾಜಿನಲ್ಲಿ ಇಡುತ್ತಿದ್ದ. ತಾಳ ತಪ್ಪುತ್ತಿತ್ತು. ಇದನ್ನು ಸರಿಪಡಿಸಿದವನು ಅದೇ ಬ್ರಾಂಕ್ಸಿನ ಜೋಸೆಫ್ ಸ್ಯಾಡ್ಲರ್, ಅಂದರೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ವೃತ್ತಿಶಿಕ್ಷಣ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುತ್ತಿದ್ದ ಹುಡುಗ. ಬಿಸಾಡಿದ ಯಂತ್ರಗಳ ಬಿಡಿಭಾಗ ಆರಿಸಿ ತರುವುದು ಅವನ ಹುಚ್ಚು. (ಇಂಥ ಒಬ್ಬರಾದರೂ ನಿಮ್ಮ ತರಗತಿಯಲ್ಲಿ ಇದ್ದೇ ಇರುತ್ತಾರೆ!) ರೆಕಾರ್ಡಿನ ಮೇಲೆ ಅವನು ಕ್ರೇಯಾನಿನಿಂದ ಗುರುತು ಹಾಕಿದ. ದೊಡ್ಡ ರೆಕಾರ್ಡ್ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 1.8 ಸೆಕೆಂಡು. ತುಣುಕು 9 ಸೆಕೆಂಡಿನದಾದರೆ ಗುರುತು ನೋಡಿಕೊಂಡು 5 ಸುತ್ತು ಹಿಂದಕ್ಕೆ ತಿರುಗಿಸಿದರಾಯಿತು. ಮುಳ್ಳು ಎತ್ತುವುದೇ ಬೇಡ.

ಕೈಯಲ್ಲಿ ಹಿಡಿದರೆ ಯಂತ್ರ ನಿಂತುಹೋಗುವುದಿಲ್ಲವೇ? ಇಲ್ಲೇ ಭೌತಶಾಸ್ತ್ರ ಬರುವುದು. ಹಲವು ಯಂತ್ರಗಳಲ್ಲಿ ಹೊಲಿಗೆ ಯಂತ್ರದ ಹಾಗೆ ಬೆಲ್ಟ್ ಇರುತ್ತಿತ್ತು. ತಡೆದರೆ ಬೆಲ್ಟ್ ಜಾರುತ್ತದೆ, ಮತ್ತೆ ವೇಗ ಹಿಡಿಯಲು ಹೊತ್ತು ಬೇಕು. 1972ರಲ್ಲಿ ಬಂದ ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200 ಯಂತ್ರದಲ್ಲಿ ಬೆಲ್ಟೇ ಇಲ್ಲ. ಸೀಲಿಂಗ್ ಫ್ಯಾನಿನ ರೆಕ್ಕೆಯಂತೆ ತಟ್ಟೆ ನೇರ ಮೋಟಾರಿನ ಮೇಲೇ ಕೂತಿರುತ್ತದೆ. ಮನೆಯಲ್ಲಿ ಕೂತು ಹಾಡು ಕೇಳುವವರಿಗೆಂದು ಮಾಡಿದ್ದು, ಡಿಜೆಗಳ ಕೈಗೆ ಹೇಳಿ ಮಾಡಿಸಿದಂತಾಯಿತು. ತಟ್ಟೆಗೂ ರೆಕಾರ್ಡಿಗೂ ನಡುವೆ ಫ್ಲ್ಯಾಶ್ ಗಂಜಿ ಹಾಕಿ ಗಟ್ಟಿಮಾಡಿದ ಫೆಲ್ಟ್ ಬಟ್ಟೆ ಇಟ್ಟ. ಘರ್ಷಣೆ ಕಡಿಮೆಯಾಯಿತು: ಮೇಲೆ ರೆಕಾರ್ಡ್ ನಿಂತರೂ ಕೆಳಗೆ ತಟ್ಟೆ ತಿರುಗುತ್ತಲೇ ಇರುತ್ತದೆ.

ಆ ಗೀಚು ಸದ್ದು? ಅಮ್ಮ ಬಾಗಿಲಲ್ಲಿ ನಿಂತು ಗದರುತ್ತಿದ್ದಾಗ ರೆಕಾರ್ಡನ್ನು ಕೈಯಲ್ಲಿ ತಡೆದು ಅಲ್ಲಾಡಿಸುತ್ತಿದ್ದೆ, ಆಗ ಸಿಕ್ಕಿತು ಅಂತ ಗ್ರ್ಯಾಂಡ್ ವಿಜರ್ಡ್ ಥಿಯೊಡೋರ್ ಹೇಳಿಕೊಂಡಿದ್ದಾನೆ. ರೆಕಾರ್ಡನ್ನು ಬೇಗ ಎಳೆದರೆ ಮುಳ್ಳು ಬೇಗ ಕಂಪಿಸುತ್ತದೆ, ಆವೃತ್ತಿ ಏರುತ್ತದೆ, ಸ್ವರ ಕೀರಲಾಗುತ್ತದೆ. ನಿಧಾನಕ್ಕೆ ಎಳೆದರೆ ಸ್ವರ ತಗ್ಗುತ್ತದೆ.

ಮೊದಮೊದಲು ಈ ಸಂಗೀತದ ರೆಕಾರ್ಡೇ ಇರಲಿಲ್ಲ. ಕೂಟಗಳಲ್ಲಿ ತುಂಬಿಸಿಕೊಂಡ ಕ್ಯಾಸೆಟ್ಟುಗಳು, ಅವುಗಳ ಪ್ರತಿಗಳು ಕೈಯಿಂದ ಕೈಗೆ ದಾಟಿ ಊರೆಲ್ಲ ಸುತ್ತಿದವು. 1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ರೆಕಾರ್ಡ್ ಬಂದ ಮೇಲೆ ಬೇರೆ ದೇಶಗಳಿಗೂ ಮುಟ್ಟಿತು.

ಈಗ ನಿಮಗೊಂದು ಲೆಕ್ಕ. ಚಿಕ್ಕ ರೆಕಾರ್ಡುಗಳು ನಿಮಿಷಕ್ಕೆ 45 ಸುತ್ತು ತಿರುಗುತ್ತವೆ. 8 ಸೆಕೆಂಡಿನ ಡ್ರಮ್ ತುಣುಕನ್ನು ಮತ್ತೆ ಕೇಳಿಸಲು ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಬೇಕು?